ಮಗು ಮಲಗಿದಾಗ ಬಾಣಂತಿಗೆ ನಿದ್ದೆ ಬರುತ್ತಿದೆಯೇ?



ನಮ್ಮ ಕಡೆ ಬಾಣಂತನ ಎಂದರೆ ದೊಡ್ಡ ಏರ್ಪಾಡು. ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆತರುತ್ತಾರೆ. ಹೆರಿಗೆಗೆ ಮುಂಚೆಯೇ ಖಾರದ ಪುಡಿಗೆ ಕಾಳುಮೆಣಸು, ಒಣಶುಂಠಿ, ಹಿಪ್ಪಲಿ ಹೊಂದಿಸಿಡುತ್ತಾರೆ. ಹರಳೆಣ್ಣೆ, ಸೀಗೆಪುಡಿ, ಒಗೆದು ಮೆತ್ತಗಾದ ಹಳೇ ಸೀರೆಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಎಣ್ಣೆ ಒತ್ತಿ ನೀರು ಹಾಕಲು ಕೈಗುಣದ ಹೆಂಗಸೊಬ್ಬಳಿಗೆ ಹೇಳಿಟ್ಟಿರುತ್ತಾರೆ. ಹಂಡೆ ತುಂಬ ಬಿಸಿನೀರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೊಂಟಕ್ಕೆ ಸೀರೆಯ ಬಿಗಿತ. ಕೋಣೆಯ ತುಂಬ ಸಾಂಬ್ರಾಣಿ ಹೊಗೆ. ಬಾಣಂತಿಯ ಒಂದೊಂದು ಕೀಲಿಗೂ ಆರೈಕೆ ಸಿಗುತ್ತದೆ. ಹೆತ್ತ ಹೆಣ್ಣನ್ನು ಇಷ್ಟು ಜೋಪಾನ ಮಾಡುವ ಪದ್ಧತಿ ನಮ್ಮಲ್ಲಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಇಷ್ಟೆಲ್ಲದರ ನಡುವೆ ಒಂದು ಮಾತನ್ನು ಮಾತ್ರ ಬಹುಪಾಲು ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಅದು ಹೀಗಿದೆ: "ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತಾ?"

ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಬಾಣಂತಿಗೆ ನಿದ್ದೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಿಜ. ಎರಡು ಗಂಟೆಗೊಮ್ಮೆ ಕೂಸು ಏಳುತ್ತದೆ. ಹಾಲು ಕುಡಿಸಬೇಕು, ತೇಗಿಸಬೇಕು, ಬಟ್ಟೆ ಬದಲಿಸಬೇಕು. ಆದರೆ ಅದು ಮಗು ಕೆಡಿಸುವ ನಿದ್ದೆ. ನಾನು ಹೇಳುವುದು ಬೇರೆ. ರಾತ್ರಿ ಎರಡು ಗಂಟೆ. ಮಗು ಹೊಟ್ಟೆ ತುಂಬ ಕುಡಿದು ಮಲಗಿದೆ. ಪಕ್ಕದಲ್ಲಿ ಅಜ್ಜಿಗೂ ನಿದ್ದೆ ಹತ್ತಿದೆ. ಈಕೆಯೊಬ್ಬಳು ಮಾತ್ರ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದಾಳೆ. ದೇಹ ಸೋತಿದೆ, ಆದರೂ ನಿದ್ದೆ ಹತ್ತುತ್ತಿಲ್ಲ. ನಾಳೆಯೂ ಹೀಗೆ, ನಾಡಿದ್ದೂ ಹೀಗೆ. ಎರಡು ವಾರ ಹೀಗೇ ನಡೆದರೆ ಅದನ್ನು ಸುಸ್ತು ಎಂದು ತಳ್ಳಿಹಾಕಬಾರದು. ಅದು ಖಿನ್ನತೆಯ ಕಾಯಿಲೆ ಇರಬಹುದು.

ನಾನು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುವವಳು. ಅಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಹೆಸರು, ಊರು ಬೇಡ. ಒಬ್ಬ ತಾಯಿ ತನ್ನ ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು ಬಂದಿದ್ದರು. ಹೆರಿಗೆಯಾಗಿ ಒಂದೂವರೆ ತಿಂಗಳು. "ಇವಳಿಗೆ ಹಾಲು ಸಾಲ್ತಿಲ್ಲ ಡಾಕ್ಟ್ರೇ, ಮಗು ಸೊರಗಿಹೋಗ್ತಿದೆ" ಎಂಬುದು ದೂರು. ಮಗುವನ್ನು ತೂಕಕ್ಕೆ ಹಾಕಿದೆವು. ತೂಕ ಚೆನ್ನಾಗಿಯೇ ಏರಿತ್ತು. ಹಾಗಾದರೆ ಹಾಲು ಸಾಲುತ್ತಿಲ್ಲ ಎಂದವರು ಯಾರು? ಮಗಳೇ ಹೇಳಿದ್ದಂತೆ. ದಿನಾ ಹೇಳುತ್ತಾಳಂತೆ.

ನಾನು ಹುಡುಗಿಯನ್ನು ಏನು ಕೇಳಿದರೂ ಉತ್ತರ ಬರುತ್ತಿದ್ದುದು ಅವಳ ತಾಯಿಯಿಂದ. ಊಟ ಮಾಡ್ತೀಯೇನಮ್ಮಾ? "ಮಾಡ್ತಾಳೆ." ತಲೆನೋವು ಇದೆಯಾ? "ಯಾವಾಗ್ಲೂ ತಲೆ ಭಾರ ಅಂತಾಳೆ." ಕೊನೆಗೆ ಆ ತಾಯಿಯನ್ನು ಚೀಟಿ ಮಾಡಿಸಿಕೊಂಡು ಬನ್ನಿ ಎಂದು ಹೊರಗೆ ಕಳಿಸಿದೆ. ಮಗು ನರ್ಸ್ ಕೈಯಲ್ಲಿತ್ತು. ಆಗ ಕೇಳಿದೆ. "ಮಗು ಮಲಗಿದಾಗ ನಿಂಗೆ ನಿದ್ದೆ ಬರುತ್ತೇನಮ್ಮಾ?"

ಹುಡುಗಿ ತಲೆ ಎತ್ತಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ಕೂತಿದ್ದಳು. ಆಮೇಲೆ ಹೇಳಿದಳು. "ಇಲ್ಲ ಮೇಡಂ. ಉಸಿರಾಡ್ತಿದೆಯಾ ಅಂತ ಎದ್ದೆದ್ದು ಮೂಗಿನ ಹತ್ರ ಕೈ ಇಟ್ಟು ನೋಡ್ತೀನಿ. ಎಲ್ರೂ ಮುದ್ದು ಮಾಡ್ತಾರೆ. ನಂಗೆ ಮಾತ್ರ ಏನೂ ಅನ್ಸಲ್ಲ. ನಾನು ಎಂಥ ತಾಯಿ?"

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ನಾಡು ನಮ್ಮದು. ಮಗುವಿನ ಮುಖ ನೋಡಿದ ಕೂಡಲೇ ಪ್ರೀತಿ ಉಕ್ಕಿಬರಬೇಕೆಂದು ನಾವು ಲೆಕ್ಕ ಹಾಕಿಬಿಟ್ಟಿದ್ದೇವೆ. ಉಕ್ಕದೆ ಇದ್ದವಳು ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಆದ್ದರಿಂದ ಅವಳು ಹಾಲು ಸಾಲುತ್ತಿಲ್ಲ ಎನ್ನುತ್ತಾಳೆ. ತಲೆ ಭಾರ ಎನ್ನುತ್ತಾಳೆ. ಎದೆ ಹಿಂಡುತ್ತದೆ, ಕೈಕಾಲಿನಲ್ಲಿ ಶಕ್ತಿ ಇಲ್ಲ ಎನ್ನುತ್ತಾಳೆ. "ನನಗೆ ಖಿನ್ನತೆ" ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವ ಬಾಣಂತಿ ತೀರಾ ಅಪರೂಪ.

ಹಾಗಾದರೆ ಕೇಳುಗರೇ, ಇಲ್ಲಿಯವರೆಗೆ ನಾನು ಹೇಳಿದ್ದು ಇಷ್ಟು. ಬಾಣಂತಿಯ ಮನಸ್ಸಿನ ನೋವು ಮೈನೋವಿನ ವೇಷದಲ್ಲಿ ಬರುತ್ತದೆ. ಅದನ್ನು ಹಿಡಿಯಲು ನಿದ್ದೆಯ ಪ್ರಶ್ನೆ ಒಂದು ಒಳ್ಳೆಯ ದಾರಿ. ಈಗ ಮುಂದಿನ ಮಾತು. ಹೆರಿಗೆಯ ನಂತರದ ಅಳುವೆಲ್ಲ ಖಿನ್ನತೆಯೇ? ಅಲ್ಲ.

ಹೆರಿಗೆಯಾದ ಮೂರು ನಾಲ್ಕನೇ ದಿನ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ಈಗ ನಕ್ಕವಳು ಇನ್ನೊಂದು ಗಳಿಗೆಗೆ ಅಳುತ್ತಾಳೆ. ಬಸುರಿನಲ್ಲಿ ಏರಿದ್ದ ಹಾರ್ಮೋನುಗಳು ಹೆರಿಗೆಯಾದೊಡನೆ ಸರ್ರನೆ ಇಳಿಯುತ್ತವೆ. ಮೈ ಆಯಾಸ, ನಿದ್ದೆಗೇಡು ಅದಕ್ಕೆ ಸೇರುತ್ತವೆ. ಇದಕ್ಕೆ ಔಷಧ ಬೇಡ. ಹತ್ತಿರದವರ ಆಸರೆ ಸಾಕು. ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ.

ಎರಡು ವಾರ ದಾಟಿದ ಮೇಲೂ ಬೇಸರ ಹೋಗದಿದ್ದರೆ ಎಚ್ಚರ ಬೇಕು. ಯಾವುದರಲ್ಲೂ ಆಸಕ್ತಿ ಇಲ್ಲ. ಊಟ ಸೇರುವುದಿಲ್ಲ. ತಪ್ಪೆಲ್ಲ ತನ್ನದೇ ಎಂಬ ಕೊರಗು. ಮಗುವಿಗೆ ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ. ಕೆಲವೊಮ್ಮೆ ಇದ್ದೇನು ಪ್ರಯೋಜನ ಎಂಬ ಯೋಚನೆ. ಇದು ಖಿನ್ನತೆ. ಹೆರಿಗೆಯಾದ ವಾರಗಳಲ್ಲೇ ಶುರುವಾಗಬಹುದು, ತಿಂಗಳುಗಳ ನಂತರವೂ ಶುರುವಾಗಬಹುದು. ಮಗಳು ತವರಿನ ಆರೈಕೆ ಮುಗಿಸಿ ಗಂಡನ ಮನೆಗೆ ಹೊರಡುವ ಮೂರನೇ ಐದನೇ ತಿಂಗಳನ್ನು ನಾವು ಬಹಳ ಹಗುರವಾಗಿ ತೆಗೆದುಕೊಳ್ಳುತ್ತೇವೆ. ಆಗ ಸಹಾಯಕ್ಕಿದ್ದ ಕೈಗಳು ಒಮ್ಮೆಲೇ ಕಡಿಮೆಯಾಗುತ್ತವೆ. ಮನೆಗೆಲಸ ಒಮ್ಮೆಲೇ ಹೆಗಲಿಗೆ ಬೀಳುತ್ತದೆ. ಆಗಲೂ ಆ ಪ್ರಶ್ನೆ ಕೇಳಬೇಕು.

ಮೂರನೆಯದು ಒಂದಿದೆ. ಅದು ಸಾವಿರ ಹೆರಿಗೆಗೆ ಒಂದೋ ಎರಡೋ. ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎನ್ನುತ್ತಾರೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ರಾತ್ರಿಯೆಲ್ಲ ಎಚ್ಚರ. ಸಂಬಂಧವಿಲ್ಲದ ಮಾತು. ಯಾರೋ ಕಿವಿಯಲ್ಲಿ ಮಾತಾಡಿದಂತೆ ಕೇಳಿಸುವುದು. ಇದು ನನ್ನ ಮಗುವಲ್ಲ, ಬದಲಾಯಿಸಿದ್ದಾರೆ ಎನ್ನುವುದು. ಇಂಥ ಹೊತ್ತಿನಲ್ಲಿ ಗಾಳಿ ಸೋಂಕಿದೆ, ದೃಷ್ಟಿಯಾಗಿದೆ ಎಂದು ತಾಯತ ಕಟ್ಟಿಸಲು ಓಡಾಡುತ್ತ ದಿನ ಕಳೆಯುವುದನ್ನು ನೋಡಿ ನನಗೆ ಬಹಳ ಸಂಕಟವಾಗುತ್ತದೆ. ದೇವರಿಗೆ ಹರಕೆ ಹೊರುವುದಾದರೆ ಹೊತ್ತುಕೊಳ್ಳಿ. ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ. ಇದು ತುರ್ತು ಕಾಯಿಲೆ. ಬೇಗ ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಪೂರ್ತಿ ಗುಣವಾಗುತ್ತಾರೆ.

ಅಂದರೆ ಎರಡು ವಾರದೊಳಗಿನ ಅಳು ಒಂದು. ಎರಡು ವಾರ ದಾಟಿದ ಖಿನ್ನತೆ ಇನ್ನೊಂದು. ಮಾತು, ನಡತೆ ಪೂರ್ತಿ ಬದಲಾಗುವ ತುರ್ತು ಸ್ಥಿತಿ ಮತ್ತೊಂದು. ಇವತ್ತು ನಾವು ಮುಖ್ಯವಾಗಿ ಮಾತಾಡುತ್ತಿರುವುದು ನಡುವಿನದನ್ನು ಕುರಿತು.

ಅದು ಎಷ್ಟು ಜನಕ್ಕೆ ಬರುತ್ತದೆ? ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಚ್ಚುಕಡಿಮೆ ಐದು ತಾಯಂದಿರಲ್ಲಿ ಒಬ್ಬರು ಎಂಬ ಲೆಕ್ಕ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಹೆರಿಗೆಗಳಾಗುತ್ತವೆ. ಆ ಲೆಕ್ಕದಲ್ಲಿ ವರ್ಷಕ್ಕೆ ಎರಡು ಲಕ್ಷದಷ್ಟು ತಾಯಂದಿರು. ನಿಮ್ಮ ಬೀದಿಯಲ್ಲಿ ಈ ವರ್ಷ ಐದು ತೊಟ್ಟಿಲು ಕಟ್ಟಿದ್ದರೆ, ಅದರಲ್ಲಿ ಒಂದರ ಪಕ್ಕದಲ್ಲಿ ಇಂಥ ತಾಯಿ ಇರಬಹುದು.

ಏಕೆ ಬರುತ್ತದೆ? ಹಾರ್ಮೋನಿನ ಮಾತು ಆಗಲೇ ಹೇಳಿದೆ. ಥೈರಾಯಿಡ್ ತೊಂದರೆ ಇರಬಹುದು. ರಕ್ತಹೀನತೆ ಇರಬಹುದು. ಹಿಂದೆ ಖಿನ್ನತೆ ಬಂದಿದ್ದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಹಿಂದೆ ಗರ್ಭ ನಷ್ಟವಾಗಿದ್ದವರಿಗೆ, ಮಗುವನ್ನು ಆಸ್ಪತ್ರೆಯ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿಟ್ಟು ವಾರಗಟ್ಟಲೆ ಕಾದವರಿಗೆ ಮನಸ್ಸು ಕುಗ್ಗುವುದು ಸಹಜ.

ಆದರೆ ರಕ್ತ ಪರೀಕ್ಷೆಯಲ್ಲಿ ಕಾಣದ ಕಾರಣಗಳೂ ಇವೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ಆಸ್ಪತ್ರೆಗೆ ಬರುವ ತಾಯಂದಿರನ್ನು ಬಸುರಿನಿಂದಲೇ ಹಿಂಬಾಲಿಸಿ ನೋಡಿದರು. 2002ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೆರಿಗೆಯಾದ ಒಂದೂವರೆ ಎರಡು ತಿಂಗಳಿಗೆ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಇತ್ತು. ಬಡತನ, ಗಂಡನ ಹೊಡೆತ, ಬಸುರಿನಲ್ಲೇ ಇದ್ದ ಮನೋವ್ಯಥೆ, ಹುಟ್ಟಿದ್ದು ಹೆಣ್ಣುಮಗು ಎಂಬುದು, ಇವೆಲ್ಲ ಖಿನ್ನತೆಯ ಭಾರವನ್ನು ಹೆಚ್ಚಿಸಿದ್ದವು.

ಕೊನೆಯದನ್ನು ನಾನು ಹೆರಿಗೆ ವಾರ್ಡಿನ ಬಾಗಿಲಲ್ಲೇ ಕೇಳಿದ್ದೇನೆ. ನರ್ಸ್ ಹೊರಗೆ ಬಂದು ಹೆಣ್ಣುಮಗು ಎಂದಾಗ "ಮತ್ತೆ ಹೆಣ್ಣಾ?" ಎಂಬ ದನಿ. ಬಾಗಿಲ ಒಳಗೆ ಹಾಸಿಗೆಯ ಮೇಲಿರುವವಳಿಗೂ ಅದು ಕೇಳಿಸುತ್ತದೆ. ಅವಳಿಗೆ ಇನ್ನೂ ಹೊಲಿಗೆ ಹಾಕಿ ಮುಗಿದಿರುವುದಿಲ್ಲ. ಕೇಳುಗರೇ, ಆ ಎರಡು ಮಾತು ಆಡದೇ ಇರುವುದಕ್ಕೆ ಯಾರಿಗೂ ಖರ್ಚಿಲ್ಲ.

ಇಲ್ಲಿಯವರೆಗೆ ಖಿನ್ನತೆಯ ಗುರುತು, ಅದರ ಪ್ರಮಾಣ, ಅದರ ಕಾರಣ ಹೇಳಿದೆ. ಗೋವಾದ ಅಧ್ಯಯನದಲ್ಲಿ ಬಸುರಿನ ಮನೋವ್ಯಥೆಯ ಮಾತು ಬಂತಲ್ಲ, ಅದನ್ನೀಗ ನೋಡೋಣ. ಬಾಣಂತಿಯ ಖಿನ್ನತೆ ಎಷ್ಟೋ ಸಲ ಬಸುರಿನಲ್ಲೇ ಶುರುವಾಗಿರುತ್ತದೆ. ತಾಯಿ ಕಾರ್ಡಿನಲ್ಲಿ ತೂಕ ಬರೆಯುತ್ತೇವೆ, ಬಿ.ಪಿ. ಬರೆಯುತ್ತೇವೆ, ರಕ್ತದ ಪ್ರಮಾಣ ಬರೆಯುತ್ತೇವೆ. ಅದೇ ಹೊತ್ತಿನಲ್ಲಿ ನಿದ್ದೆ ಹೇಗಿದೆ, ಮನಸ್ಸು ಹೇಗಿದೆ, ಮನೆಯಲ್ಲಿ ಹೆದರಿಕೆ ಏನಾದರೂ ಇದೆಯೇ ಎಂದು ಕೇಳಲು ಎರಡು ನಿಮಿಷ ಸಾಕು. ಮನಸ್ಸು ಕುಗ್ಗಿದ ಬಸುರಿ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ. ಕಬ್ಬಿಣಾಂಶದ ಮಾತ್ರೆ ನುಂಗುವುದಿಲ್ಲ. ತಪಾಸಣೆಗೆ ಬರುವುದಿಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗು ಕಡಿಮೆ ತೂಕದಲ್ಲಿ ಹುಟ್ಟುವ ಸಾಧ್ಯತೆಯೂ ಹೆಚ್ಚು.

ಇದನ್ನು ಕೇಳಿ ತಿಳಿಯಲು ಒಂದು ಸರಳ ಪ್ರಶ್ನಾವಳಿ ಇದೆ. 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾನ್ ಕಾಕ್ಸ್ ಮತ್ತು ಜೊತೆಗಾರರು ರೂಪಿಸಿದ್ದು. ಹತ್ತೇ ಪ್ರಶ್ನೆ. ಕಳೆದ ಏಳು ದಿನ ಹೇಗಿತ್ತು ಎಂದು ಕೇಳುತ್ತದೆ. ಕನ್ನಡದಲ್ಲೂ ಇದೆ. ನಗಲು ಆಗುತ್ತಿತ್ತೇ, ಕಾರಣವಿಲ್ಲದೆ ಹೆದರಿಕೆಯಾಗುತ್ತಿತ್ತೇ, ನಿದ್ದೆ ಬರುತ್ತಿತ್ತೇ, ಹೀಗೆ ಸಾಗುತ್ತದೆ. ಹತ್ತನೆಯ ಪ್ರಶ್ನೆ ತನ್ನನ್ನು ತಾನೇ ನೋಯಿಸಿಕೊಳ್ಳುವ ಯೋಚನೆಯ ಬಗ್ಗೆ. ಅದನ್ನು ಕೇಳಲು ಎಷ್ಟೋ ಜನ ಹಿಂಜರಿಯುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಆಗುತ್ತದೆ ಎಂಬ ಭಯ. ಹಾಗಾಗುವುದಿಲ್ಲ. ಒಳಗೇ ಇಟ್ಟುಕೊಂಡು ಬೇಯುತ್ತಿದ್ದವಳಿಗೆ ಕೇಳುವವರು ಸಿಕ್ಕರಲ್ಲ ಎಂಬ ಸಮಾಧಾನವೇ ಹೆಚ್ಚು. ಹೌದು ಎಂದರೆ ಆ ದಿನವೇ ವೈದ್ಯರಿಗೆ ತಿಳಿಸಿ, ಅವಳ ಜೊತೆಯಲ್ಲಿ ಯಾರಾದರೂ ಇರಿ.

ಸರಿ, ಪ್ರಶ್ನೆ ಕೇಳಿದಿರಿ. ನಿದ್ದೆ ಬರುವುದಿಲ್ಲ ಎಂದಳು. ಆಮೇಲೆ ಏನು ಮಾಡಬೇಕು?

ಮೊದಲು ಅವಳ ಮಾತನ್ನು ಪೂರ್ತಿ ಕೇಳಿ. "ನಾವೆಲ್ಲ ಹೆತ್ತಿಲ್ವಾ? ನಾನು ಐದು ಹೆತ್ತೆ, ಮೂರನೇ ದಿನ ಎದ್ದು ಕೆಲಸ ಮಾಡಿದೆ" ಎನ್ನಬೇಡಿ. ಆ ಮಾತು ಕೇಳಿದ ಮೇಲೆ ಅವಳು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ.

ಆಮೇಲೆ ಅವಳಿಗೆ ನಿದ್ದೆ ಮಾಡಿಸಿ. ರಾತ್ರಿ ನಾಲ್ಕೈದು ಗಂಟೆ ಒಟ್ಟಿಗೆ ಸಿಗುವಂತೆ ನೋಡಿಕೊಳ್ಳಿ. ಹತ್ತು ಗಂಟೆಗೆ ಹಾಲು ಕುಡಿಸಿದ ಮೇಲೆ ಮಗು ಬೇರೆಯವರ ಮಗ್ಗುಲಿಗೆ ಹೋಗಲಿ. ಹಿಂಡಿಟ್ಟ ತಾಯಿಯ ಹಾಲು ಬಿಸಿಲಿನ ತಾಪ ತಗುಲದ ಮನೆಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆಯವರೆಗೆ ಕೆಡುವುದಿಲ್ಲ. ಅದನ್ನು ಸ್ವಚ್ಛವಾದ ಒಳಲೆಯಲ್ಲಿ ಕುಡಿಸಬಹುದು. ಒಳಲೆ ಹಿಡಿದು ಹಾಲು ಹಾಕುವುದು ನಮ್ಮ ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತು. ಅಪ್ಪನೂ ಕಲಿಯಬಹುದು.

ಬಾಣಂತಿಗೆ ನೀರು ಕೊಡದ ಮನೆಗಳಿವೆ. ದಯವಿಟ್ಟು ಕೊಡಿ. ಹಣ್ಣು, ಸೊಪ್ಪು, ತರಕಾರಿ ತಿನ್ನಲಿ. ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂರಿಸಬೇಡಿ. ಬೆಳಗಿನ ಎಳೆಬಿಸಿಲಿಗೆ ಜಗಲಿಗೆ ಬರಲಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಲಿ. ಎಣ್ಣೆನೀರಿನ ಸುಖ ಇರಲಿ, ಉಸಿರು ಕಟ್ಟಿಸುವ ಹೊಗೆ ಬೇಡ.

ಗಂಡಂದಿರಿಗೆ ಒಂದು ಮಾತು. ಹೆಂಡತಿ ತವರಲ್ಲಿದ್ದಾಳೆ. ನೀವು ರಾತ್ರಿ ಫೋನ್ ಮಾಡುತ್ತೀರಿ. ಮೊದಲ ಮಾತು ಏನು? "ಮಗು ಏನ್ಮಾಡ್ತಿದೆ?" ಅತ್ತೆಯ ಫೋನು, ನಾದಿನಿಯ ಫೋನು, ಎಲ್ಲದರ ಮೊದಲ ಮಾತೂ ಅದೇ. ಹತ್ತು ಜನ ಹತ್ತು ಸಲ ಮಗುವನ್ನೇ ಕೇಳಿದಾಗ ತಾಯಿಗೆ ತಾನು ಇದ್ದೂ ಇಲ್ಲದಂತೆ ಅನಿಸುತ್ತದೆ. ಮೊದಲು ಅವಳನ್ನು ಕೇಳಿ. ವಾರಕ್ಕೊಮ್ಮೆ ಹೋದಾಗ ಒಂದು ರಾತ್ರಿಯಾದರೂ ಮಗುವನ್ನು ನೀವು ನೋಡಿಕೊಳ್ಳಿ.

ಹೀಗೆ ಮನೆಯವರು ಮಾಡಬಹುದಾದ್ದು ಬಹಳವಿದೆ. ಆದರೆ ಎಲ್ಲವೂ ಮನೆಯಲ್ಲೇ ಮುಗಿಯುವುದಿಲ್ಲ. ಎರಡು ವಾರದ ನಂತರವೂ ಹಾಗೇ ಇದ್ದರೆ ಚಿಕಿತ್ಸೆ ಬೇಕು.

ಚಿಕಿತ್ಸೆ ಎಂದರೆ ಮಾತ್ರೆಯೊಂದೇ ಅಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಮನೋವೈದ್ಯ ಅತಿಫ್ ರೆಹಮಾನ್ ಒಂದು ಕೆಲಸ ಮಾಡಿದರು. ನಮ್ಮ ಆಶಾ ಕಾರ್ಯಕರ್ತೆಯರಂತೆ ಅಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿದ್ದಾರೆ. ಅವರಿಗೆ ಖಿನ್ನತೆಯಿದ್ದ ತಾಯಂದಿರ ಜೊತೆ ಮಾತಾಡುವ ಕ್ರಮ ಕಲಿಸಿದರು. ಮನಸ್ಸಿಗೆ ಬರುವ ಕೆಟ್ಟ ಯೋಚನೆಯನ್ನು ಗುರುತಿಸುವುದು, ಅದರ ಬದಲು ಬೇರೆ ರೀತಿ ಯೋಚಿಸಿ ನೋಡುವುದು, ಒಂದೆರಡು ಸಣ್ಣ ಕೆಲಸ ಮಾಡಿ ನೋಡುವುದು. ಇಷ್ಟೇ. ಬಸುರಿನ ಕೊನೆಯ ತಿಂಗಳಿಂದ ಶುರುಮಾಡಿ ಮಗುವಿಗೆ ಹತ್ತು ತಿಂಗಳಾಗುವವರೆಗೆ ಭೇಟಿ ಕೊಟ್ಟರು. ಸುಮಾರು 900 ತಾಯಂದಿರು ಈ ಅಧ್ಯಯನದಲ್ಲಿದ್ದರು. 2008ರಲ್ಲಿ ಫಲಿತಾಂಶ ಬಂತು. ಮಗುವಿಗೆ ಆರು ತಿಂಗಳಾದಾಗ, ಈ ರೀತಿ ಮಾತಾಡಿಸಿದ ತಾಯಂದಿರಲ್ಲಿ ಕಾಲು ಭಾಗದಷ್ಟು ಜನಕ್ಕೆ ಮಾತ್ರ ಖಿನ್ನತೆ ಉಳಿದಿತ್ತು. ಈ ಕ್ರಮದಲ್ಲಿ ಮಾತಾಡಿಸದ ಉಳಿದ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇತ್ತು. ಅದನ್ನೇ ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೈಪಿಡಿ ಹೊರತಂದಿತು.

ನಮ್ಮಲ್ಲಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಅಕ್ಕ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು. ಮಗುವಿನ ತೂಕ, ಹೊಕ್ಕಳು, ಮೈಬಿಸಿ ನೋಡುತ್ತಾರೆ. ಆ ಆರು ಭೇಟಿಗಳಲ್ಲಿ ತಾಯಿಯ ನಿದ್ದೆಯ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ ಎಂದು ಈಗ ಕೇಳುತ್ತಿರುವ ಆಶಾ ಸೋದರಿಯರನ್ನು ಕೇಳಿಕೊಳ್ಳುತ್ತೇನೆ. ನಿಮ್ಮ ಮೇಲೆ ಕೆಲಸದ ಹೊರೆ ಎಷ್ಟಿದೆ ಎಂದು ಬಲ್ಲೆ. ಆದರೂ ಬಾಣಂತಿಯ ಕೋಣೆಯ ಒಳಗೆ ಹೋಗಿ ಕೂರುವ ಸಲಿಗೆ ನಿಮಗಿರುವಷ್ಟು ನನಗಿಲ್ಲ.

ಕೆಲವರಿಗೆ ಮಾತ್ರೆ ಬೇಕೇ ಬೇಕು. "ಹಾಲು ಕುಡಿಸೋವಳು, ಮಾತ್ರೆ ಹೆಂಗೆ ನುಂಗ್ತಾಳೆ?" ಎಂಬ ಅಂಜಿಕೆ ಎಲ್ಲರಿಗೂ ಇದೆ. ಸರ್ಟ್ರಲಿನ್‌ನಂಥ ಔಷಧ ಎದೆಹಾಲಿಗೆ ಸೇರುವುದು ತೀರಾ ಕಡಿಮೆ. ವೈದ್ಯರ ಸಲಹೆಯಂತೆ ತೆಗೆದುಕೊಂಡು ಹಾಲು ಕುಡಿಸಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನಕ್ಕೆ ಬಿಡಬೇಡಿ. ಮೊದಲಿಂದ ಮನೋರೋಗದ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಸುರಾದರೆ ತಾವಾಗಿಯೇ ನಿಲ್ಲಿಸಬೇಡಿ, ಕೂಡಲೇ ವೈದ್ಯರನ್ನು ಕಾಣಿರಿ. ಅದರಲ್ಲೂ ವಾಲ್ಪ್ರೊಯೇಟ್ ಎಂಬ ಔಷಧ ಗರ್ಭದ ಮಗುವಿಗೆ ಹಾನಿ ಮಾಡಬಹುದು. ಅದನ್ನು ತೆಗೆದುಕೊಳ್ಳುತ್ತಿರುವವರು ಮಗು ಬೇಕೆಂದುಕೊಂಡಾಗಲೇ ವೈದ್ಯರನ್ನು ಕಂಡು ಬದಲಾಯಿಸಿಕೊಳ್ಳಬೇಕು.

ಮನೆಯ ಆಸರೆ, ಮಾತಿನ ಚಿಕಿತ್ಸೆ, ಮಾತ್ರೆ, ಈ ಮೂರನ್ನೂ ಹೇಳಿದೆ. ಎಲ್ಲಿಗೆ ಹೋಗಬೇಕು ಎಂಬುದು ಉಳಿಯಿತು. ಹೆರಿಗೆ ಮಾಡಿಸಿದ ವೈದ್ಯರಿಗೇ ಮೊದಲು ಹೇಳಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದು ದೇಶಕ್ಕೆ ಮಾದರಿಯಾಗಿ ಮೊದಲು ನಡೆದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ. ಮನೆಯಿಂದ ಹೊರಡಲು ಆಗದಿದ್ದರೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಸಂಖ್ಯೆ ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ ಹೇಳುತ್ತೇನೆ: 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಹಣವಿಲ್ಲದೆ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದವಳೂ ಮಾಡಬಹುದು.

ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯದಿಂದ ಎಷ್ಟೋ ತಾಯಂದಿರು ಬಾಯಿ ಮುಚ್ಚಿಕೊಂಡಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವಿಗೆಂದೇ ಒಂದು ವಾರ್ಡು ಇದೆ. ತಾಯಿ, ಮಗು, ಜೊತೆಗೆ ಮನೆಯ ಒಬ್ಬ ಹೆಂಗಸು ಒಟ್ಟಿಗೇ ಇರುತ್ತಾರೆ. ಚಿಕಿತ್ಸೆಯ ಜೊತೆಗೆ ಮಗುವನ್ನು ಎತ್ತಿಕೊಳ್ಳುವುದು, ಆಡಿಸುವುದು, ಹಾಲೂಡಿಸುವುದಕ್ಕೂ ಅಲ್ಲಿ ನೆರವು ಸಿಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಮಗುವಿಗೆ ಅಪಾಯವಿದ್ದರೆ ಮಾತ್ರ ಸ್ವಲ್ಪ ದಿನದ ಮಟ್ಟಿಗೆ ಬೇರೆ ಇಡಬಹುದು.

ಕೊನೆಯದಾಗಿ, ಮೊದಲ ಬಾಣಂತನದಲ್ಲಿ ಈ ಕಾಯಿಲೆ ಬಂದು ಗುಣವಾದವರಿಗೆ ಒಂದು ವಿಷಯ. ಎರಡನೆಯ ಸಲವೂ ಬರುವ ಸಾಧ್ಯತೆ ಇದೆ. ಅದಕ್ಕಾಗಿ ಮಗುವೇ ಬೇಡ ಎಂದುಕೊಳ್ಳಬೇಕಿಲ್ಲ. ತಾಯಿ ಕಾರ್ಡು ಮಾಡಿಸುವ ದಿನವೇ ನರ್ಸಿಗೆ, ವೈದ್ಯರಿಗೆ ಹಿಂದಿನದನ್ನು ಹೇಳಿ. ಆಗ ಯಾವ ಮಾತ್ರೆಯಿಂದ ಗುಣವಾಗಿತ್ತೋ ಆ ಚೀಟಿಯನ್ನು ಜೊತೆಗೆ ತನ್ನಿ. ಹೆರಿಗೆಯಾದ ಮೊದಲ ತಿಂಗಳು ರಾತ್ರಿ ಹತ್ತರಿಂದ ಎರಡರವರೆಗೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಸೀಮಂತಕ್ಕೆ ಮುಂಚೆಯೇ ಎರಡೂ ಮನೆಯವರು ಕೂತು ಗೊತ್ತು ಮಾಡಿಕೊಳ್ಳಿ.